ಸಭಾಕಂಪವೂ ಒಬ್ಬ ಅರಸರ ಪಿಯಾನೋ ಸಾಧನೆಯೂ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಹತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರಿ, ಕಬ್ಬಿಣದ ಕಂಬಿಗಳನ್ನು ಹಿಡಿದು, ಶಿಖರದ ಸಮೀಪದಲ್ಲಿರುವ ಬಸವನ ಬಳಿಗೆ ಬಂದಾಗ, ಅದುವರೆಗೆ ತಪ್ಪದೆ ನಡೆದು ಬಂದ ಕಾಲುಗಳೇ ತಡವರಿಸತೊಡಗುತ್ತವೆ. ಅಲ್ಲಿ ಕಾಲಿಡುವ ಜಾಗ ಇಕ್ಕಟ್ಟೇನೋ ಹೌದು. ಆದರೆ ಅಷ್ಟೇ ಅಗಲದ ಒಂದು ಪಟ್ಟಿಯನ್ನು ಮನೆಯ ಅಂಗಳದಲ್ಲಿ ಬರೆದರೆ ಮಗುವೂ ಅದರ ಮೇಲೆ ನಗುನಗುತ್ತ ನಡೆದೀತು. ಕಾಲಿನ ಬಲ ಕುಂದಿಲ್ಲ, ನಡೆಯುವ ವಿದ್ಯೆ ಮರೆತಿಲ್ಲ. ಕೆಳಗಿರುವ ಆಳದ ಅರಿವೊಂದು ನಡುವೆ ಬಂದು ನಿಂತಿದೆ, ಅಷ್ಟೆ. ಹತ್ತು ಜನರ ಮುಂದೆ ವಾದ್ಯ ನುಡಿಸಲು ಕುಳಿತವರ ಪಾಡೂ ಇದೇ. ಮನೆಯಲ್ಲಿ ನೂರು ಬಾರಿ ತಪ್ಪದೆ ನುಡಿದ ಬೆರಳು ಸಭೆಯಲ್ಲಿ ತಣ್ಣಗಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಚಿರಪರಿಚಿತವಾದ ಸ್ವರವೇ ಅಪರಿಚಿತವಾಗಿ ತೋರುತ್ತದೆ. ನಮ್ಮ ಹಿರಿಯರು ಇದನ್ನು ಸಭಾಕಂಪವೆಂದು ಕರೆದರು. ಮನಸ್ಸಿನಲ್ಲಿ ಹುಟ್ಟಿದ್ದು ಮೈಯಲ್ಲಿ ಕಾಣಿಸಿಕೊಳ್ಳುವ ಬಗೆಯನ್ನು ಆ ಒಂದು ಮಾತೇ ಹೇಳುತ್ತದೆ.

ಶಿವಗಂಗೆಯನ್ನು ಇಲ್ಲಿ ನೆನೆಯಲು ಇನ್ನೊಂದು ಕಾರಣವೂ ಉಂಟು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ೧೧೩೧ರಲ್ಲಿ ದೇಹತ್ಯಾಗ ಮಾಡಿದ್ದು ಈ ಬೆಟ್ಟದಲ್ಲಿ ಎಂಬುದಕ್ಕೆ ಶ್ರವಣಬೆಳಗೊಳದ ಶಾಸನವೇ ಸಾಕ್ಷಿಯಾಗಿದೆ. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಯ ಪ್ರೌಢಿಮೆಯನ್ನು ಶಾಸನಕವಿಗಳು ಬಾಯ್ತುಂಬ ಹೊಗಳಿದ್ದಾರೆ. ಸಿಂಹಾಸನದ ಬಳಿ ಕುಳಿತವರೂ ಕಲೆಯ ಮುಂದೆ ವಿದ್ಯಾರ್ಥಿಗಳಾಗಿ ನಿಲ್ಲುವುದು ಕನ್ನಡ ನಾಡಿಗೆ ಹೊಸದಲ್ಲ. ಆ ಪರಂಪರೆಯ ಕೊನೆಯ ದೊಡ್ಡ ಹೆಸರು ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರದು. ಪಾಶ್ಚಾತ್ಯ ಸಂಗೀತದ ಪಿಯಾನೋವನ್ನು ಗಂಭೀರವಾಗಿ ಅಭ್ಯಾಸ ಮಾಡಿ, ವೇದಿಕೆಯ ಕಲಾವಿದರಾಗಬೇಕೆಂದು ಬಯಸಿ, ವಿಧಿವಶದಿಂದ ಸಿಂಹಾಸನವನ್ನೇರಿದ ಈ ಅರಸರ ಸಂಗೀತ ಜೀವನವನ್ನು ಪರಿಶೀಲಿಸಿದರೆ, ಇತರರ ಮುಂದೆ ನುಡಿಸುವಾಗ ಉಂಟಾಗುವ ಅಂಜಿಕೆಯ ಬೇರು ಎಲ್ಲಿದೆ, ಅದು ಸಡಿಲಗೊಳ್ಳುವುದು ಹೇಗೆ ಎಂಬ ಪ್ರಶ್ನೆಗೂ ಸ್ವಲ್ಪ ಬೆಳಕು ದೊರೆಯುವುದು.

ಜಯಚಾಮರಾಜ ಒಡೆಯರು ಹುಟ್ಟಿದ್ದು ೧೯೧೯ರ ಜುಲೈ ೧೮ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ಬಾಲಕ ಬೆಳೆದ ಅರಮನೆ ಸಂಗೀತದ ಮನೆಯೇ ಆಗಿತ್ತು. ವೀಣೆಯ ಶೇಷಣ್ಣನವರ ನಾದ ಆಸ್ಥಾನದಲ್ಲಿ ಇನ್ನೂ ಮೊಳಗುತ್ತಿದ್ದ ಕಾಲ ಅದು. ಮುಂದೆ ಮುತ್ತಯ್ಯ ಭಾಗವತರು, ಮೈಸೂರು ವಾಸುದೇವಾಚಾರ್ಯರು, ವೀಣೆಯ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಮೊದಲಾದ ವಿದ್ವಾಂಸರು ಆ ಆಸ್ಥಾನವನ್ನು ಅಲಂಕರಿಸಿದ್ದರು. ನಾಲ್ವಡಿಯವರು ತಾವೇ ಅನೇಕ ವಾದ್ಯಗಳನ್ನು ಬಲ್ಲವರಾಗಿದ್ದರು. ಕರ್ಣಾಟಕ ಸಂಗೀತದ ಜೊತೆಗೆ ಪಾಶ್ಚಾತ್ಯ ವಾದ್ಯಗೋಷ್ಠಿಯನ್ನೂ ಅರಮನೆಯಲ್ಲಿ ನೆಲೆಗೊಳಿಸಿದ್ದರು. ಬೆಳಗ್ಗೆ ತಂಬೂರಿಯ ಶ್ರುತಿ, ಸಂಜೆ ಪಿಯಾನೋವಿನ ಸ್ವರಮೇಳ ಎರಡೂ ಒಂದೇ ಮನೆಯ ಮಾತಾಗಿದ್ದ ಕಡೆಯಲ್ಲಿ ರಾಜಕುಮಾರರ ಕಿವಿ ಪಳಗಿತು. ಅವರ ತಂಗಿ ವಿಜಯಾದೇವಿಯವರೂ ಪಿಯಾನೋವಿನಲ್ಲಿ ಪರಿಣತಿ ಪಡೆದು, ೧೯೭೪ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರೆಂಬುದನ್ನು ಗಮನಿಸಿದರೆ, ಆ ಮನೆಯಲ್ಲಿ ಈ ವಾದ್ಯ ಬರಿಯ ಅಲಂಕಾರದ ವಸ್ತುವಾಗಿರಲಿಲ್ಲವೆಂಬುದು ವಿದಿತವಾಗುತ್ತದೆ.

ರಾಜಕುಮಾರರ ಓದು ಸಾಮಾನ್ಯರ ಓದಿನ ಹಾದಿಯಲ್ಲೇ ನಡೆಯಿತು. ಮಹಾರಾಜಾ ಕಾಲೇಜಿನಲ್ಲಿ ಓದಿ ೧೯೩೮ರಲ್ಲಿ ಪದವೀಧರರಾದರು, ಪದಕಗಳನ್ನೂ ಗಳಿಸಿದರು. ಅದೇ ವರ್ಷ ವಿವಾಹವಾಯಿತು. ಮರುವರ್ಷ ಯೂರೋಪಿನ ಪ್ರವಾಸ. ಅಷ್ಟರಲ್ಲಿ ಪಿಯಾನೋ ಅವರಿಗೆ ಬಿಡುವಿನ ವೇಳೆಯ ವಿನೋದವಾಗಿ ಉಳಿಯದೆ ಜೀವನದ ಹಂಬಲವಾಗಿ ಬೆಳೆದಿತ್ತು. ಅವರು ಅಪೇಕ್ಷಿಸಿದ್ದು ಕಛೇರಿ ನಡೆಸುವ ಪಿಯಾನೋ ವಾದಕರಾಗಬೇಕೆಂದು.

ಇಲ್ಲಿ ಒಂದು ಮಾತನ್ನು ವಿಚಾರ ಮಾಡಬೇಕು. ಹುಟ್ಟಿನಿಂದ ಜನರ ಕಣ್ಣಿನ ಮುಂದೆಯೇ ಬೆಳೆದವರಿಗೆ ಸಭೆಯ ಭಯವೆಲ್ಲಿಯದು ಎಂದು ತೋರಬಹುದು. ದಸರೆಯ ದರ್ಬಾರಿನಲ್ಲಿ ಸಾವಿರ ಕಣ್ಣುಗಳು ತಮ್ಮ ಮೇಲೆ ನೆಟ್ಟಿರುವುದು ರಾಜಮನೆತನದವರಿಗೆ ಹೊಸ ಅನುಭವವಲ್ಲ. ಆದರೆ ನೋಡಿಸಿಕೊಳ್ಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಸಿಂಹಾಸನದ ಮೇಲೆ ಕುಳಿತವನು ಕುಳಿತಿದ್ದರೆ ಸಾಕು. ಗೌರವ ಆ ಪೀಠಕ್ಕೆ ಸಲ್ಲುತ್ತದೆ. ಪಿಯಾನೋವಿನ ಮುಂದಿನ ಪೀಠಕ್ಕೆ ಅಂಥ ಯಾವ ಮಹಿಮೆಯೂ ಇಲ್ಲ. ಅಲ್ಲಿ ಕುಳಿತವನು ಒಂದೊಂದು ಕ್ಷಣವೂ ತನ್ನ ಯೋಗ್ಯತೆಯನ್ನು ಹೊಸದಾಗಿ ತೋರಿಸಬೇಕು. ಹಿಂದಿನ ಕ್ಷಣದ ಸ್ವರ ಮುಂದಿನ ಕ್ಷಣದ ಸ್ವರಕ್ಕೆ ಜಾಮೀನು ನಿಲ್ಲುವುದಿಲ್ಲ. ಕರಿಯ ಬಿಳಿಯ ಮನೆಗಳಿಗೆ ಬೆರಳು ಅರಸನದೋ ಆಳಿನದೋ ತಿಳಿಯದು.

ಅರಮನೆಯ ಕಲಾವಿದನಿಗೆ ಇನ್ನೊಂದು ತೊಡಕೂ ಇದೆ. ಅವನ ತಪ್ಪನ್ನು ತಪ್ಪೆಂದು ಹೇಳುವವರು ವಿರಳ. ಸುತ್ತಲಿನವರೆಲ್ಲ ತಲೆದೂಗುವಾಗ, ತಾನು ನುಡಿಸಿದ್ದು ನಿಜಕ್ಕೂ ಚೆನ್ನಾಗಿತ್ತೇ ಎಂಬ ಸಂಶಯ ಒಳಗೊಳಗೇ ಉಳಿದುಬಿಡುತ್ತದೆ. ಈ ಸಂಶಯವೇ ಅಂಜಿಕೆಯ ಮೊದಲ ಮನೆ. ಹೊಗಳಿಕೆಯಿಂದ ಅದು ತೊಲಗುವುದಿಲ್ಲ. ಹೊಗಳಿಕೆ ಹೆಚ್ಚಿದಷ್ಟೂ, ಬಿದ್ದರೆ ಎಷ್ಟು ಎತ್ತರದಿಂದ ಬೀಳುವೆನೋ ಎಂಬ ಎಣಿಕೆಯೂ ಹೆಚ್ಚುತ್ತದೆ. ಅದನ್ನು ಕಳೆಯಲು ಇರುವ ದಾರಿ, ಮುಖ ನೋಡಿ ಮಣೆ ಹಾಕದ ಪರೀಕ್ಷಕನ ಮುಂದೆ ಹೋಗಿ ಕುಳಿತುಕೊಳ್ಳುವುದು.

ಜಯಚಾಮರಾಜ ಒಡೆಯರು ಹಿಡಿದದ್ದು ಆ ದಾರಿಯನ್ನೇ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆ, ಟ್ರಿನಿಟಿ ಸಂಗೀತ ಕಾಲೇಜು ಮೊದಲಾದ ಸಂಸ್ಥೆಗಳ ಪರೀಕ್ಷೆಗಳ ಕ್ರಮವನ್ನು ಬಲ್ಲವರಿಗೆ ಅವು ಎಂಥ ಕಟ್ಟುನಿಟ್ಟಿನವೆಂಬುದು ಗೊತ್ತು. ಸಿದ್ಧಪಡಿಸಿಕೊಂಡ ಕೃತಿಗಳನ್ನು ನುಡಿಸಿದರೆ ಮುಗಿಯಲಿಲ್ಲ. ಸ್ವರಶ್ರೇಣಿಗಳನ್ನು ಕೇಳಿದಂತೆ ಕೇಳಿದ ವೇಗದಲ್ಲಿ ಒಪ್ಪಿಸಬೇಕು. ಹಿಂದೆಂದೂ ಕಾಣದ ಹಾಳೆಯನ್ನು ಮುಂದಿಟ್ಟರೆ ನೋಡಿದೊಡನೆ ನುಡಿಸಬೇಕು. ಕಿವಿಯ ಸೂಕ್ಷ್ಮತೆಗೂ ಪರೀಕ್ಷೆ ಉಂಟು. ಪರೀಕ್ಷಕ ತಲೆದೂಗುವುದಿಲ್ಲ, ಮುಗುಳ್ನಗುವುದಿಲ್ಲ, ಬರೆದುಕೊಳ್ಳುತ್ತಾನೆ. ಆ ಲೇಖನಿಯ ಸದ್ದಿನಷ್ಟು ಸಭಾಕಂಪವನ್ನು ಹುಟ್ಟಿಸುವ ಸದ್ದು ಬೇರೊಂದಿಲ್ಲ. ೧೯೪೫ರ ಹೊತ್ತಿಗೆ ಒಡೆಯರು ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಆಗಿದ್ದರು. ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ಸಂದಿತ್ತು. ಗೌರವ ಪದವಿಗಳು ಅರಸರಿಗೆ ಸುಲಭವಾಗಿ ಒದಗುತ್ತವೆ. ಲೈಸೆನ್ಷಿಯೇಟ್ ಎಂಬುದು ಹಾಗೆ ಒದಗುವುದಲ್ಲ. ಆಳುವ ಅರಸರು ತಮ್ಮ ಹೆಸರಿನ ಮುಂದೆ ಅಂಥದೊಂದು ವಿದ್ಯಾರ್ಥಿಯ ಬಿರುದನ್ನು ಬಯಸಿದರೆಂಬುದು ಅವರ ಮನೋಧರ್ಮವನ್ನು ತೋರಿಸುತ್ತದೆ.

ಆದರೆ ಬಯಸಿದ ವೇದಿಕೆ ಅವರಿಗೆ ದೊರೆಯಲಿಲ್ಲ. ೧೯೪೦ರ ಮಾರ್ಚ್ ತಿಂಗಳಲ್ಲಿ ತಂದೆ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟ್ ೩ರಂದು ನಾಲ್ವಡಿಯವರೂ ಕಾಲವಶರಾದರು. ಐದು ತಿಂಗಳ ಒಳಗೆ ಎರಡು ದೊಡ್ಡ ನೆರಳುಗಳು ಸರಿದುಹೋದವು. ಸೆಪ್ಟೆಂಬರ್ ೮ರಂದು, ಇಪ್ಪತ್ತೊಂದು ವರ್ಷದ ಯುವಕ ಮೈಸೂರಿನ ಸಿಂಹಾಸನವನ್ನೇರಿದರು. ಹೊರಗೆ ಮಹಾಯುದ್ಧ, ಒಳಗೆ ಸ್ವಾತಂತ್ರ್ಯದ ಹೋರಾಟ. ಊರೂರು ಸುತ್ತಿ ಕಛೇರಿ ಮಾಡುವ ಕಲಾವಿದನ ಬಾಳು ಅಂದಿಗೆ ಕನಸಾಗಿಯೇ ಉಳಿಯಿತು.

ಸಭೆಯ ಮುಂದೆ ನುಡಿಸಲಾಗದ ಕಲಾವಿದರ ಕಥೆ ಲೋಕದಲ್ಲಿ ಹೊಸದಲ್ಲ. ಪಿಯಾನೋವಿನ ಕವಿಯೆಂದೇ ಹೆಸರಾದ ಶೋಪ್ಯಾನ್ ಸಾರ್ವಜನಿಕ ಸಭೆಗಳನ್ನು ಕಂಡು ಹಿಂಜರಿದು, ಜೀವಮಾನದಲ್ಲಿ ಮೂವತ್ತರಷ್ಟು ಕಛೇರಿಗಳನ್ನು ಮಾತ್ರ ನಡೆಸಿದ. ನಮ್ಮ ಕಾಲಕ್ಕೆ ಹತ್ತಿರದ ಹೊರೊವಿಟ್ಸ್, ಕೀರ್ತಿಯ ತುದಿಯಲ್ಲಿದ್ದಾಗಲೇ ೧೯೫೩ರಲ್ಲಿ ವೇದಿಕೆಯಿಂದ ಸರಿದು, ಹನ್ನೆರಡು ವರ್ಷ ಕಳೆದು ೧೯೬೫ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಸಭಾಂಗಣಕ್ಕೆ ಮರಳಿದ. ರಷ್ಯದ ರಾಖ್ಮಾನಿನೋವ್‌ನ ಕಥೆ ಇನ್ನೂ ಬೋಧಕವಾದದ್ದು. ೧೮೯೭ರಲ್ಲಿ ಅವನ ಮೊದಲ ಸಿಂಫನಿ ಸಭೆಯಲ್ಲಿ ಸೋತಿತು. ಆ ಪೆಟ್ಟಿನಿಂದ ಅವನ ರಚನಾಶಕ್ತಿಯೇ ಬತ್ತಿದಂತಾಯಿತು. ೧೯೦೦ರಲ್ಲಿ ನಿಕೊಲಾಯ್ ಡಾಲ್ ಎಂಬ ವೈದ್ಯರು ತಿಂಗಳುಗಟ್ಟಲೆ ಅವನನ್ನು ಕೂರಿಸಿಕೊಂಡು, ಮನಸ್ಸಿಗೆ ಧೈರ್ಯದ ಸೂಚನೆಗಳನ್ನು ಕೊಟ್ಟು ಉಪಚರಿಸಿದರು. ೧೯೦೧ರಲ್ಲಿ ಅವನ ಎರಡನೆಯ ಪಿಯಾನೋ ಕಾನ್ಸರ್ಟೋ ಪೂರ್ಣವಾಗಿ ಬೆಳಕು ಕಂಡಿತು. ಅದನ್ನು ಅವನು ಅರ್ಪಿಸಿದ್ದು ಆ ವೈದ್ಯರಿಗೆ. ಈ ಅರ್ಪಣೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಅಲ್ಲಿಂದ ಹೊರಟ ಒಂದು ಎಳೆ ಮೈಸೂರಿನವರೆಗೂ ಬಂದು ಮುಟ್ಟುತ್ತದೆ.

ರಾಖ್ಮಾನಿನೋವ್‌ನ ಆಪ್ತಮಿತ್ರನಾಗಿದ್ದವನು ನಿಕೊಲಾಯ್ ಮೆಟ್ನರ್. ಅವನು ಹುಟ್ಟಿದ್ದು ಮಾಸ್ಕೋ ನಗರದಲ್ಲಿ, ೧೮೮೦ರ ಆರಂಭದಲ್ಲಿ. ಅಲ್ಲಿನ ಸಂಗೀತ ಶಾಲೆಯಿಂದ ೧೯೦೦ರಲ್ಲಿ ಪಿಯಾನೋವಾದನಕ್ಕಾಗಿ ಚಿನ್ನದ ಪದಕದೊಂದಿಗೆ ಹೊರಬಂದ. ದೇಶದೇಶಗಳಲ್ಲಿ ಕಛೇರಿ ಮಾಡಿ ಹೆಸರು ಗಳಿಸುವ ಬಾಗಿಲು ಅವನಿಗೆ ತೆರೆದಿತ್ತು. ಅವನು ಅದನ್ನು ಒಲ್ಲದೆ, ರಚನೆಯ ಏಕಾಂತವನ್ನು ಆರಿಸಿಕೊಂಡ. ೧೯೨೧ರಲ್ಲಿ ರಷ್ಯವನ್ನು ಬಿಟ್ಟು, ಹಲವೆಡೆ ಅಲೆದು, ೧೯೩೫ರಲ್ಲಿ ಲಂಡನ್ನಿನಲ್ಲಿ ನೆಲೆಸಿದ. ರಾಖ್ಮಾನಿನೋವ್ ತನ್ನ ನಾಲ್ಕನೆಯ ಕಾನ್ಸರ್ಟೋವನ್ನು ಮೆಟ್ನರನಿಗೂ, ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮಾನಿನೋವ್‌ನಿಗೂ ಅರ್ಪಿಸಿದ್ದು ಅವರ ಸ್ನೇಹದ ಕುರುಹಾಗಿದೆ. ಆದರೆ ಮಿತ್ರನಿಗೆ ಒದಗಿದ ಕೀರ್ತಿ ಮೆಟ್ನರನಿಗೆ ಒದಗಲಿಲ್ಲ. ಪಾಠ ಹೇಳಿ ಕಾಲ ಕಳೆಯುತ್ತಿದ್ದ ಅವನಿಗೆ ಯುದ್ಧಕಾಲದಲ್ಲಿ, ೧೯೪೨ರಲ್ಲಿ, ಹೃದಯಾಘಾತವಾಯಿತು. ಆದರೂ ಚೇತರಿಸಿಕೊಂಡು, ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮುಗಿಸಿ, ೧೯೪೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ. ಆದರೆ ಅವನ ರಾಶಿ ರಾಶಿ ಕೃತಿಗಳು ಅವನೊಡನೆಯೇ ಮೌನವಾಗುವ ಲಕ್ಷಣ ಕಾಣುತ್ತಿತ್ತು.

ಆ ಹೊತ್ತಿಗೆ, ಮೈಸೂರಿನ ಅರಮನೆಯಲ್ಲಿ ಒಬ್ಬ ಯುವಕ ಅರಸರು ಮೆಟ್ನರನ ಸಂಗೀತವನ್ನು ಅರಿತು ಮೆಚ್ಚಿದ್ದರು. ಒಡೆಯರ ಗ್ರಾಮಫೋನ್ ಮುದ್ರಿಕೆಗಳ ಸಂಗ್ರಹ ಅಸಾಧಾರಣವಾದದ್ದು. ಗಂಭೀರ ಸಂಗೀತದ ತಟ್ಟೆಗಳೂ, ಬಗೆಬಗೆಯ ಧ್ವನಿವರ್ಧಕಗಳೂ, ಹಲವು ದೊಡ್ಡ ಪಿಯಾನೋಗಳೂ ಅಲ್ಲಿ ಕೂಡಿದ್ದವು. ಯುದ್ಧ ಮುಗಿದ ಮೇಲೆ ಅವರು ತಮ್ಮ ಪ್ರತಿನಿಧಿಯ ಮೂಲಕ ಲಂಡನ್ನಿನಲ್ಲಿ ಮೆಟ್ನರನನ್ನು ಹುಡುಕಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಬೇಕಾದ ಧನವನ್ನು ಒದಗಿಸಿದರು. ಮೆಟ್ನರ್ ಸೊಸೈಟಿ ಎಂಬ ಹೆಸರಿನಿಂದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಆ ಮುದ್ರಿಕೆಗಳನ್ನು ಮೂರು ಸಂಪುಟಗಳಲ್ಲಿ ಹೊರತಂದಿತು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಅಂಜಿಕೆಗೆ ಮದ್ದು ಕೊಟ್ಟ ವೈದ್ಯನಿಂದ ರಾಖ್ಮಾನಿನೋವ್‌ಗೆ, ರಾಖ್ಮಾನಿನೋವ್‌ನಿಂದ ಮೆಟ್ನರನಿಗೆ, ಮೆಟ್ನರನಿಂದ ಮೈಸೂರಿಗೆ, ಹೀಗೆ ಕೃತಜ್ಞತೆಯ ಎಳೆ ಹರಿದು ಬಂದಿತು.

ಅಂದಿನ ಧ್ವನಿಮುದ್ರಣದ ರೀತಿಯನ್ನು ಇಂದಿನವರು ತಿಳಿದರೆ ಆ ಸಾಹಸದ ತೂಕ ಗೊತ್ತಾಗುತ್ತದೆ. ನಿಮಿಷಕ್ಕೆ ೭೮ ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ನಾಲ್ಕೂವರೆ ನಿಮಿಷದ ಸಂಗೀತ. ದೀರ್ಘವಾದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕಾಗುತ್ತಿತ್ತು. ಒಂದು ತುಂಡಿನ ನಾಲ್ಕನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಮೊದಲಿನಿಂದ ಮತ್ತೆ ನುಡಿಸಬೇಕು. ಕೆಟ್ಟ ಭಾಗವನ್ನು ಕತ್ತರಿಸಿ ಒಳ್ಳೆಯದನ್ನು ಅಂಟಿಸುವ ಅನುಕೂಲ ಕಾಂತಪಟ್ಟಿ ಬಳಕೆಗೆ ಬಂದ ಮೇಲಿನದು. ಕೆಂಪು ದೀಪ ಹೊತ್ತಿಕೊಂಡಿತೆಂದರೆ ಕೆಮ್ಮುವಂತಿಲ್ಲ, ಕುರ್ಚಿ ಕಿರುಗುಟ್ಟುವಂತಿಲ್ಲ. ಸಭೆಯಲ್ಲಿ ಆದ ತಪ್ಪು ಗಾಳಿಯಲ್ಲಿ ಕರಗಿಹೋಗುತ್ತದೆ. ತಟ್ಟೆಯಲ್ಲಿ ಆದ ತಪ್ಪು ಕೇಳಿದಷ್ಟು ಸಲವೂ ಕೇಳಿಸುತ್ತದೆ. ಸಭೆಯಲ್ಲಿ ರಸಿಕರ ಮುಖ ಕಂಡು ಉತ್ಸಾಹ ಬರುವುದುಂಟು, ಮೈಕ್ರೊಫೋನಿಗೆ ಮುಖವಿಲ್ಲ. ಅನೇಕ ನುರಿತ ಕಲಾವಿದರೂ ಆ ಕಿವುಡುಮೌನದ ಮುಂದೆ ಬೆವರಿದ್ದಾರೆ.

ಇಂಥ ಕೊಠಡಿಗೆ, ೧೯೪೭ರಲ್ಲಿ, ಅರವತ್ತೇಳು ವರ್ಷದ ಹೃದ್ರೋಗಿಯೊಬ್ಬ ಬಂದು ಕುಳಿತ. ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತನ್ನ ಮೂರು ಕಾನ್ಸರ್ಟೋಗಳನ್ನೂ ನುಡಿಸಿದ. ಮುಂದಿನ ವರ್ಷಗಳಲ್ಲಿ ಸೊನಾಟಗಳು, ಕಿರಿಯ ಕೃತಿಗಳು, ಹಾಡುಗಳು ಬಂದವು. ೧೯೫೦ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಪ್ ಹಾಡಿದ ಅವನ ಗೀತೆಗಳಿಗೆ ತಾನೇ ಪಿಯಾನೋ ಜೊತೆ ನೀಡಿದ. ೧೯೫೧ರ ನವೆಂಬರಿನಲ್ಲಿ ಲಂಡನ್ನಿನಲ್ಲೇ ಕಣ್ಣುಮುಚ್ಚಿದ.

ಆ ಮುದುಕನಿಗೆ ಈ ಸ್ಥೈರ್ಯ ಬಂದದ್ದೆಲ್ಲಿಂದ? ಅವನು ತನಗಾಗಿ ಬರೆದಿಟ್ಟುಕೊಂಡ ದೈನಂದಿನ ಟಿಪ್ಪಣಿಗಳು ಅವನ ಮರಣಾನಂತರ ೧೯೬೩ರಲ್ಲಿ ಮಾಸ್ಕೋದಲ್ಲಿ ಪುಸ್ತಕವಾಗಿ ಪ್ರಕಟವಾದವು. ಅವುಗಳಲ್ಲಿ ಧೈರ್ಯದ ಉಪದೇಶಕ್ಕಿಂತ ಅಭ್ಯಾಸದ ವಿವರವೇ ಹೆಚ್ಚು. ನಿಧಾನವಾಗಿ ನುಡಿಸುವುದು, ಮೈಯನ್ನೂ ಕೈಯನ್ನೂ ಬಿಗಿಯದೆ ಸಡಿಲವಾಗಿ ಇಟ್ಟುಕೊಳ್ಳುವುದು, ಬೆರಳಿಗೆ ಮುಂಚೆ ಕಿವಿಯನ್ನು ಎಚ್ಚರಿಸುವುದು, ಆಯಾಸ ಮುತ್ತುವ ಮೊದಲೇ ವಿಶ್ರಮಿಸುವುದು ಇಂಥವೇ ಅಲ್ಲಿಯ ಸೂತ್ರಗಳು. ಭಯ ಬಂದಾಗ ಏನು ಮಾಡಬೇಕೆಂದು ಅವನು ಆ ಗಳಿಗೆಯಲ್ಲಿ ಹುಡುಕಲಿಲ್ಲ. ಭಯ ಬಂದು ಕುಳಿತುಕೊಳ್ಳುವ ಜಾಗವನ್ನೇ ದಿನದಿನದ ಕೆಲಸದಿಂದ ತುಂಬಿದ. ವಿದ್ಯಾರ್ಥಿಗಳು ಇದನ್ನು ಮನನ ಮಾಡಬೇಕು. ಸಭೆಯ ಹಿಂದಿನ ರಾತ್ರಿ ಕಣ್ಣು ಕೆಂಪಾಗುವಂತೆ ಅಭ್ಯಾಸ ಮಾಡುವವನ ಬೆರಳು ಮರುದಿನ ನಡುಗುವುದು ಸಹಜ. ವರ್ಷಗಟ್ಟಲೆ ನಿಧಾನವಾಗಿ, ಒಂದೊಂದು ಸ್ವರವನ್ನೂ ತಾನೇ ಕೇಳಿಸಿಕೊಂಡು ನುಡಿಸಿದವನಿಗೆ ಸಭೆಯಲ್ಲಿ ಎದೆ ಬಡಿದರೂ ಕಿವಿ ತಪ್ಪುವುದಿಲ್ಲ. ಕಿವಿ ತಪ್ಪದಿದ್ದರೆ ಬೆರಳು ಹಿಂದಕ್ಕೆ ಬಂದು ಸೇರಿಕೊಳ್ಳುತ್ತದೆ. ಎದೆಯ ಬಡಿತ, ಬೆರಳಿನ ಚಳಿ ಇವೆಲ್ಲ ಅಪಾಯ ಬಂತೆಂದು ದೇಹ ಸುರಿಸುವ ಅಡ್ರಿನಲಿನ್ ಎಂಬ ರಸದ ಕೆಲಸವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅದನ್ನು ಬಾರದಂತೆ ತಡೆಯುವುದು ಸುಲಭವಲ್ಲ. ಬಂದರೂ ನಡೆಯುವಂತೆ ಅಭ್ಯಾಸವನ್ನು ಗಟ್ಟಿಮಾಡಿಕೊಳ್ಳುವುದು ಸಾಧ್ಯ.

ಅಭ್ಯಾಸದ ಜೊತೆಗೆ ಇನ್ನೊಂದು ಆಧಾರವೂ ಆ ಮುದುಕನಿಗಿತ್ತು. ಸಾವಿರಾರು ಮೈಲಿ ದೂರದಲ್ಲಿ ಒಬ್ಬ ಶ್ರೋತೃ ತನ್ನ ಸಂಗೀತವನ್ನು ಬಯಸಿ ಕಾದಿದ್ದಾನೆಂಬ ಅರಿವು ಅದು. ತೀರ್ಪು ಕೊಡಲು ಕುಳಿತವನೆಂದು ಶ್ರೋತೃವನ್ನು ಭಾವಿಸಿದಾಗ ಕೈ ನಡುಗುತ್ತದೆ. ಪಡೆಯಲು ಬಂದವನೆಂದು ಭಾವಿಸಿದಾಗ ಕೊಡುವ ಆತುರ ಅಂಜಿಕೆಗಿಂತ ಮುಂದೆ ಹೋಗುತ್ತದೆ. ಮಹಾರಾಜರು ಮೆಟ್ನರನಿಗೆ ಕೊಟ್ಟದ್ದು ಹಣವೆಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ನೋಡಿದರೆ, ವೇದಿಕೆಗೆ ಹಂಬಲಿಸಿದ ಒಬ್ಬ ಪಿಯಾನೋ ವಾದಕರು ವೇದಿಕೆಯನ್ನು ಒಲ್ಲದ ಮತ್ತೊಬ್ಬ ಪಿಯಾನೋ ವಾದಕನಿಗೆ ತಮ್ಮ ಕಿವಿಯನ್ನೇ ಕೊಟ್ಟರು.

ಈ ಕೊಡುಗೆ ಮೆಟ್ನರನೊಬ್ಬನಿಗೆ ನಿಲ್ಲಲಿಲ್ಲ. ೧೯೪೮ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಒಡೆಯರು ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಅವರನ್ನು ಕಂಡ. ಮೂರು ವರ್ಷ, ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ನೆರವಿನ ಮಾತಾಯಿತು. ಅಷ್ಟಾಗಿ ಯಾರೂ ಮುದ್ರಿಸದಿದ್ದ ಬಾಲಕಿರೆವ್, ರೂಸೆಲ್ ಮೊದಲಾದವರ ಸಿಂಫನಿಗಳನ್ನು ಕರಾಯನ್ ೧೯೪೯ರಲ್ಲಿ ಅದೇ ವೃಂದದೊಡನೆ ಮುದ್ರಿಸಿದ್ದು ಒಡೆಯರ ಅಭಿರುಚಿಗೆ ಸಂದ ಫಲ. ೧೯೫೦ರ ಮೇ ೨೨ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊಟ್ಟಮೊದಲ ಬಾರಿಗೆ ಹಾಡಿದಳು. ವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಛೇರಿಯ ವೆಚ್ಚಕ್ಕೆ ಹೊಣೆ ನಿಂತವರು ಮೈಸೂರಿನ ಒಡೆಯರು. ತಾವು ಹೋಗಿ ಕೇಳಲಾಗಲಿಲ್ಲವೆಂದು, ಅಂದಿನ ಹಾಡಿಕೆಯನ್ನು ತಟ್ಟೆಗಳಲ್ಲಿ ಮುದ್ರಿಸಿ ಅವರಿಗೆ ಕಳುಹಿಸಲಾಯಿತು. ಸ್ಟ್ರಾಸ್ ತೀರಿಕೊಂಡು ಅದಾಗಲೇ ಎಂಟು ತಿಂಗಳಾಗಿತ್ತು. ಕವಿಯೂ ಕೇಳದ, ಪೋಷಕರೂ ಕೇಳಲಾಗದ ಆ ಹಾಡಿಕೆ ಇಂದಿಗೂ ಕೇಳಸಿಗುವುದು ಆ ಮುದ್ರಣದ ದೆಸೆಯಿಂದ.

ಇಷ್ಟೆಲ್ಲ ಪರರ ಸಂಗೀತಕ್ಕಾಯಿತು. ತಮ್ಮ ಸಂಗೀತವನ್ನು ಒಡೆಯರು ಏನು ಮಾಡಿದರು? ಪಟ್ಟಕ್ಕೆ ಬಂದ ಮೇಲೆ ಅವರ ಮನಸ್ಸು ಕರ್ಣಾಟಕ ಸಂಗೀತದತ್ತ ತಿರುಗಿತು. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ವಾಸುದೇವಾಚಾರ್ಯರಲ್ಲಿ ಕೃತಿರಚನೆಯ ಮರ್ಮವನ್ನು ಕೇಳಿ ತಿಳಿದರು. ಪಾಶ್ಚಾತ್ಯ ಸಂಗೀತದಲ್ಲಿ ಪರೀಕ್ಷೆಗಳನ್ನು ದಾಟಿದವರು ಇಲ್ಲಿ ಮತ್ತೆ ಮೊದಲ ಮೆಟ್ಟಿಲಿನಲ್ಲಿ ನಿಂತರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯೆಯ ಉಪದೇಶವೂ ಆಯಿತು. ೧೯೪೦ರ ದಶಕದ ನಡುಭಾಗದಲ್ಲಿ ಸಂಸ್ಕೃತದಲ್ಲಿ ಅವರು ರಚಿಸಿದ ಕೃತಿಗಳ ಸಂಖ್ಯೆ ೯೪. ಗಂಭೀರನಾಟ, ನಾದನಾಮಕ್ರಿಯೆ, ಮಾಂಡ್ ಮೊದಲಾದ ರಾಗಗಳಲ್ಲಿರುವ ಕೆಲವು ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ. ಅಪೂರ್ವ ರಾಗಗಳನ್ನೂ ಅವರು ಎತ್ತಿಕೊಂಡಿದ್ದಾರೆ.

ಈ ಕೃತಿಗಳ ಅಂಕಿತ ಗಮನಾರ್ಹವಾದದ್ದು. ಅರಸರ ಹೆಸರನ್ನು ಜಯಕಾರದಲ್ಲಿ ಕೂಗುವ ಕಾಲದಲ್ಲಿ, ಈ ಅರಸರು ತಮ್ಮ ಹೆಸರನ್ನು ಕೃತಿಯ ಒಳಗೆ ತರದೆ ಶ್ರೀವಿದ್ಯಾ ಎಂಬ ಮುದ್ರೆಯನ್ನಿಟ್ಟರು. ಅಂಕಿತವಿಡುವುದು ನಮ್ಮ ವಾಗ್ಗೇಯಕಾರರ ಸಂಪ್ರದಾಯವೆಂದು ಇದನ್ನು ಹಗುರವಾಗಿ ಕಾಣಬಾರದು. ಆ ಸಂಪ್ರದಾಯದ ಅರ್ಥವೇ ಇಲ್ಲಿ ಮುಖ್ಯ. ದಾಸರಾಗಲಿ ಶರಣರಾಗಲಿ ತಮ್ಮ ನುಡಿಯ ಕೊನೆಯಲ್ಲಿ ಇಷ್ಟದೈವದ ಹೆಸರನ್ನು ನಿಲ್ಲಿಸಿದಾಗ, ಈ ನುಡಿ ತನ್ನದಲ್ಲ, ತಾನು ನಿಮಿತ್ತ ಮಾತ್ರನೆಂದು ಸಾರಿದಂತಾಯಿತು. ಸಭಾಕಂಪದ ತಾಯಿಬೇರು, ನಾನು ಏನೆನಿಸಿಕೊಂಡೇನೋ ಎಂಬ ಚಿಂತೆ. ಆ ನಾನು ಎಂಬುದನ್ನು ನಿಜವಾಗಿ ಬೇರೊಂದಕ್ಕೆ ಒಪ್ಪಿಸಿದವನಿಗೆ, ಕಳೆದುಕೊಳ್ಳುವ ಮಾನವಾಗಲಿ ಗೆಲ್ಲುವ ಮಾನವಾಗಲಿ ಅಷ್ಟಾಗಿ ಉಳಿಯುವುದಿಲ್ಲ. ಅಂಕಿತವೆಂಬುದು ನಮ್ಮ ನಾಡು ಸಭಾಕಂಪಕ್ಕೆ ಕಂಡುಕೊಂಡ ಹಳೆಯ ಔಷಧವೆಂದರೂ ಸಲ್ಲುತ್ತದೆ.

ರಾಜಕೀಯದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ೧೯೪೭ರ ಆಗಸ್ಟಿನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಒಪ್ಪಂದಕ್ಕೆ ಒಡೆಯರು ರುಜು ಹಾಕಿದರು. ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. ೧೯೫೦ರಿಂದ ೧೯೫೬ರವರೆಗೆ ರಾಜಪ್ರಮುಖರಾಗಿ, ಕನ್ನಡ ನಾಡು ಒಂದುಗೂಡಿದ ಮೇಲೆ ೧೯೬೪ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಆಮೇಲೆ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿ ಕೆಲಸ ಮಾಡಿದರು. ದತ್ತಾತ್ರೇಯ, ಅವಧೂತ, ಗೀತೆಗಳ ಮೇಲೆ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಜಯಚಾಮರಾಜೇಂದ್ರ ಗ್ರಂಥಮಾಲೆಯ ಮೂಲಕ ಋಗ್ವೇದವೂ ಪುರಾಣಗಳೂ ಕನ್ನಡ ಓದುಗರ ಕೈಸೇರಿದವು. ೧೯೬೬ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಷಿಪ್ ಅವರಿಗೆ ದೊರೆಯಿತು. ೧೯೭೪ರ ಸೆಪ್ಟೆಂಬರ್ ೨೩ರಂದು ಬೆಂಗಳೂರಿನ ಅರಮನೆಯಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಅವರು ಕಾಲವಾದರು.

ಒಡೆಯರ ಬಾಳಿನಲ್ಲಿ ಈಡೇರದ ಬಯಕೆಯೊಂದು ಇದ್ದೇ ಇತ್ತು. ಲಂಡನ್ನಿನದೋ ವಿಯೆನ್ನಾದ್ದೋ ದೊಡ್ಡ ಸಭಾಂಗಣದಲ್ಲಿ, ಕಪ್ಪು ಪಿಯಾನೋವಿನ ಮುಂದೆ, ಟಿಕೆಟು ಕೊಂಡು ಬಂದ ಜನರಿಗಾಗಿ ಅವರು ನುಡಿಸಲಿಲ್ಲ. ಇದನ್ನು ನಷ್ಟವೆಂದು ಎಣಿಸುವವರು ಎಣಿಸಲಿ. ಆ ಬಯಕೆ ಕಹಿಯಾಗಿ ಹುಳಿಯಲಿಲ್ಲವೆಂಬುದೇ ಇಲ್ಲಿ ಗಣ್ಯವಾದದ್ದು. ತಮಗೆ ದೊರೆಯದ ವೇದಿಕೆಯನ್ನು ಮತ್ತೊಬ್ಬನಿಗೆ ಕಟ್ಟಿಕೊಟ್ಟವರ ಸಂಖ್ಯೆ ಕಲೆಯ ಚರಿತ್ರೆಯಲ್ಲಿ ದೊಡ್ಡದೇನೂ ಅಲ್ಲ.

ಇಂದು ನಮ್ಮ ಮಕ್ಕಳು ಪಿಯಾನೋ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅಂಗೈಯಗಲದ ಯಂತ್ರವನ್ನು ಎದುರಿಗಿಟ್ಟು ತಮ್ಮ ವಾದನವನ್ನು ತಾವೇ ಮುದ್ರಿಸಿಕೊಳ್ಳುತ್ತಾರೆ. ಯಂತ್ರ ಕಿರಿದಾಗಿದೆ, ಅಂಜಿಕೆ ಕಿರಿದಾಗಿಲ್ಲ. ಅಂಥವರಿಗೆ ಅಧ್ಯಾಪಕರು ಹೆದರಬೇಡವೆಂದು ಹೇಳಿದರೆ ಪ್ರಯೋಜನ ಕಡಿಮೆ; ಹೆದರಿಕೆ ಅಪ್ಪಣೆಗೆ ಬಗ್ಗುವುದಲ್ಲ. ಮುಖಸ್ತುತಿಯನ್ನು ಬಿಟ್ಟು ನಿಜವಾದ ಪರೀಕ್ಷೆಗೆ ಒಡ್ಡಿಕೊಳ್ಳುವುದು, ನಿತ್ಯದ ನಿಧಾನ ಸಾಧನೆಯಲ್ಲಿ ಕಿವಿಯನ್ನು ಪಳಗಿಸುವುದು, ಕೇಳುವವರನ್ನು ನ್ಯಾಯಾಧೀಶರೆಂದು ಎಣಿಸದೆ ಅತಿಥಿಗಳೆಂದು ಎಣಿಸುವುದು, ಕೊನೆಗೆ ತನ್ನನ್ನು ಮರೆತು ನುಡಿಸುವ ನಾದವನ್ನೇ ಮುಂದೆ ನಿಲ್ಲಿಸುವುದು: ಮೈಸೂರಿನ ಅರಸರ ಮತ್ತು ಅವರು ಮೆಚ್ಚಿದ ರಷ್ಯದ ಮುದುಕನ ಬಾಳಿನಿಂದ ಕಲಿಯಬಹುದಾದ ಪಾಠವಿದು. ಕೈ ಸ್ವಲ್ಪ ನಡುಗಿದರೆ ನಡುಗಲಿ. ಸ್ವರ ಎಲ್ಲಿಗೆ ಹೋಗಬೇಕೆಂದು ಕಿವಿಗೆ ತಿಳಿದಿದ್ದರೆ, ನಡುಗುವ ಕೈಯೂ ಅದನ್ನು ಅಲ್ಲಿಗೆ ಮುಟ್ಟಿಸುತ್ತದೆ.